ಕಿರಿಮಗನ ಹೆಸರಿನ ಕೆಂಪು ವೈನ್

ಎನ್‌ಸಿಸಿ ಪರೇಡಿನಲ್ಲಿ ಬಿಸಿಲಿಗೆ ನಿಂತು ಬೂಟು ಸವೆಸಿದವರಿಗೆಲ್ಲ ‘ಕೆಡೆಟ್’ ಎಂಬ ಪದ ಗೊತ್ತು. ಅದರ ಮೂಲ ಫ್ರೆಂಚ್. ಅಲ್ಲಿ ಅದನ್ನು ‘ಕಾದೇ’ ಎಂದು ಉಚ್ಚರಿಸುತ್ತಾರೆ, ಅರ್ಥ ಮನೆಯ ಕಿರಿಯ ಮಗ. ಫ್ರೆಂಚಿಗೆ ಅದು ಬಂದದ್ದು ನೈಋತ್ಯ ದಿಕ್ಕಿನ ಗ್ಯಾಸ್ಕನಿ ಸೀಮೆಯ ಆಡುಮಾತಿನಿಂದ. ಆಸ್ತಿ ಹಿರಿಯ ಮಗನ ಪಾಲಾಗುತ್ತಿದ್ದ ಕಾಲದಲ್ಲಿ ಅಲ್ಲಿನ ಜಮೀನ್ದಾರಿ ಮನೆಗಳ ಕಿರಿಯ ಮಕ್ಕಳು ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ರಾಜನ ಸೈನ್ಯ ಸೇರುತ್ತಿದ್ದರು. ಕಿರಿಮಗ ಎಂದರೆ ಸೈನ್ಯಕ್ಕೆ ಹೋದವನು, ಸೈನ್ಯಕ್ಕೆ ಹೋದವನೆಂದರೆ ತರಬೇತಿಯಲ್ಲಿರುವವನು ಎಂದು ಅರ್ಥ ಜಾರುತ್ತ ಜಾರುತ್ತ ಕೊನೆಗೆ ನಮ್ಮ ಕಾಲೇಜು ಮೈದಾನದವರೆಗೆ ಬಂತು.

ಆ ಗ್ಯಾಸ್ಕನಿಯ ಮಗ್ಗುಲಿಗೇ ಇರುವ ಬೋರ್ಡೋ ಪ್ರದೇಶದ ಒಂದು ವೈನ್ ಮಾತ್ರ ಈ ಪದವನ್ನು ಹಳೆಯ ಅರ್ಥದಲ್ಲೇ ಉಳಿಸಿಕೊಂಡಿದೆ. ಅದರ ಹೆಸರು ಮೂತೋಂ ಕಾದೇ. ಫ್ರಾನ್ಸಿನ ಅಂಗಡಿಗಳಲ್ಲಿ ಹತ್ತು ಯೂರೋ ಆಸುಪಾಸಿಗೆ ಸಿಗುವ ಕೆಂಪು ವೈನ್ ಅದು. ಲೇಬಲ್ಲಿನ ಮೇಲೆ ಬ್ಯಾರನ್ ಫಿಲಿಪ್ ದ ರಾಥ್‌ಶೈಲ್ಡ್ ಎಂದು ಬರೆದಿರುತ್ತದೆ. ಇದೇ ಮನೆತನದ ಇನ್ನೊಂದು ವೈನ್, ಶಾತೋ ಮೂತೋಂ ರಾಥ್‌ಶೈಲ್ಡ್ (ಶಾತೋ ಎಂದರೆ ವೈನ್ ಮಾಡುವ ದ್ರಾಕ್ಷಿತೋಟ), ಬಾಟಲಿಗೆ ನೂರಾರು ಯೂರೋ ಬಾಳುತ್ತದೆ. ಹೆಸರು ಹೆಚ್ಚುಕಡಿಮೆ ಒಂದೇ, ಬೆಲೆಯಲ್ಲಿ ಹತ್ತಾರು ಪಟ್ಟು ಅಂತರ. ಅಗ್ಗದ ಬಾಟಲಿ ಕೊಂಡವರು ‘ರಾಥ್‌ಶೈಲ್ಡ್ ಕುಡಿದೆವು’ ಎಂದುಕೊಂಡರೆ ಅದರಲ್ಲಿ ಎಷ್ಟು ನಿಜ? ಇದು ತಿಳಿಯಬೇಕಾದರೆ ಬಾಟಲಿಯೊಳಗಿನ ದ್ರಾಕ್ಷಿಗಿಂತ ಮೊದಲು ಮೇಲಿನ ಹೆಸರನ್ನು ನೋಡಬೇಕು.

ರಾಥ್‌ಶೈಲ್ಡ್ ಎಂಬುದೇ ಒಂದು ಮನೆಯ ಗುರುತು. ಜರ್ಮನಿಯ ಫ್ರಾಂಕ್‌ಫರ್ಟಿನ ಯಹೂದಿ ಕೇರಿಯಲ್ಲಿ ಮನೆಗಳಿಗೆ ಸಂಖ್ಯೆ ಇರಲಿಲ್ಲ, ಬಾಗಿಲ ಮೇಲೆ ಚಿಹ್ನೆ ಇರುತ್ತಿತ್ತು. ಕೆಂಪು ಗುರಾಣಿಯ ಚಿಹ್ನೆಯ ಮನೆಯಲ್ಲಿದ್ದವರು ರಾಥ್‌ಶೈಲ್ಡ್ ಆದರು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರುಗಳು ಹುಟ್ಟಿದ ಬಗೆಯೂ ಹೆಚ್ಚು ಬೇರೆಯಲ್ಲ. ಸ್ವಾರಸ್ಯವೆಂದರೆ ಬ್ಯಾಂಕಿಂಗ್ ವಂಶವನ್ನು ಕಟ್ಟಿದ ಮಾಯರ್ ಆಮ್ಶೆಲ್ 1744ರಲ್ಲಿ ಹುಟ್ಟುವ ಹೊತ್ತಿಗೆ ಕುಟುಂಬ ಆ ಮನೆಯನ್ನು ಬಿಟ್ಟು ಬಹುಕಾಲವಾಗಿತ್ತು. ಮನೆ ಹೋಯಿತು, ಹೆಸರು ಜೊತೆಗೆ ಬಂತು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ವೈನಿನ ವಿಷಯದಲ್ಲೂ ಇದೇ ಆಗುತ್ತದೆ.

ಮಾಯರ್ ಆಮ್ಶೆಲ್‌ಗೆ ಐವರು ಗಂಡುಮಕ್ಕಳು. ಅವರು ಫ್ರಾಂಕ್‌ಫರ್ಟ್, ವಿಯೆನ್ನಾ, ಲಂಡನ್, ನೇಪಲ್ಸ್, ಪ್ಯಾರಿಸ್ ನಗರಗಳಲ್ಲಿ ಒಂದೊಂದು ಗದ್ದುಗೆ ಹಾಕಿದರು. ಮನೆತನದ ಲಾಂಛನದ ಐದು ಬಾಣಗಳು ಈ ಐವರೇ. ಲಂಡನ್ ಶಾಖೆಯ ನೇಥನ್‌ನ ಮಗ ನೆಥಾನಿಯಲ್ ಪ್ಯಾರಿಸ್ಸಿಗೆ ಬಂದು ನೆಲೆಸಿ, 1853ರಲ್ಲಿ ಬೋರ್ಡೋದ ಪೊಯಾಕ್ ಎಂಬ ಊರಿನ ಬಳಿ ಬ್ರಾನ್-ಮೂತೋಂ ಎಂಬ ದ್ರಾಕ್ಷಿತೋಟವನ್ನು ಹರಾಜಿನಲ್ಲಿ ಕೊಂಡು ತನ್ನ ಹೆಸರು ಸೇರಿಸಿದ. ಅವನ ಹೆಂಡತಿ ಶಾರ್ಲೊಟ್, ಪ್ಯಾರಿಸ್ ಶಾಖೆಯ ಜೇಮ್ಸ್‌ನ ಮಗಳು, ಅಂದರೆ ಸ್ವಂತ ಚಿಕ್ಕಪ್ಪನ ಮಗಳು. ಸೋದರಮಾವನ ಮಗಳಾಗಿದ್ದರೆ ನಮ್ಮ ಹಿರಿಯರು ಒಪ್ಪುತ್ತಿದ್ದರೇನೋ, ಚಿಕ್ಕಪ್ಪನ ಮಗಳೆಂದರೆ ಇಲ್ಲಿ ತಂಗಿಯೇ. ಆಸ್ತಿ ಹೊರಗೆ ಹೋಗಬಾರದೆಂದು ಅವರಲ್ಲಿ ಇಂಥ ಮದುವೆಗಳು ವಾಡಿಕೆಯಾಗಿದ್ದವು. 1868ರಲ್ಲಿ ಆ ಮಾವ ಜೇಮ್ಸ್ ಮೂತೋಂಗೆ ಹೊಂದಿಕೊಂಡಿದ್ದ ಶಾತೋ ಲಾಫಿತ್ ತೋಟವನ್ನೇ ಕೊಂಡ. ಅಳಿಯನ ಬೇಲಿಯಾಚೆ ಮಾವನ ಬಳ್ಳಿ. ಜೇಮ್ಸ್ ಕೂಡ ಐವರಲ್ಲಿ ಎಲ್ಲರಿಗಿಂತ ಕಿರಿಯನಾಗಿದ್ದ.

ಮಾವನ ತೋಟಕ್ಕೂ ಅಳಿಯನ ತೋಟಕ್ಕೂ ಒಂದು ಸೂಕ್ಷ್ಮವಾದ ವ್ಯತ್ಯಾಸವಿತ್ತು. 1855ರಲ್ಲಿ ಮೂರನೆಯ ನೆಪೋಲಿಯನ್ ಪ್ಯಾರಿಸ್ಸಿನಲ್ಲಿ ವಸ್ತುಪ್ರದರ್ಶನ ಏರ್ಪಡಿಸಿದಾಗ, ಬೋರ್ಡೋದ ದಲ್ಲಾಳಿಗಳು ತಮ್ಮ ಪ್ರದೇಶದ ವೈನುಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಅದಕ್ಕಾಗಿ ಯಾರೂ ಕೂತು ರುಚಿ ನೋಡಲಿಲ್ಲ. ಮಾರುಕಟ್ಟೆಯಲ್ಲಿ ಯಾವುದಕ್ಕೆ ಎಷ್ಟು ಬೆಲೆ ಸಿಗುತ್ತಿತ್ತೆಂಬ ಲೆಕ್ಕವೇ ಅಳತೆಗೋಲು. ಲಾಫಿತ್, ಲಾತೂರ್, ಮಾರ್ಗೋ, ಓ-ಬ್ರಿಯೋಂ ಮೊದಲ ದರ್ಜೆಗೆ ಹೋದವು. ಮೂತೋಂ ಎರಡನೆಯ ದರ್ಜೆಯ ಪಟ್ಟಿಯ ತಲೆಯಲ್ಲಿ ನಿಂತಿತು. ಕ್ಲಾಸಿನಲ್ಲಿ ಒಂದೇ ಅಂಕಕ್ಕೆ ರ್‍ಯಾಂಕ್ ತಪ್ಪಿದ ಹುಡುಗನ ಹಾಗೆ. ಆ ಸಂಕಟದಿಂದ ಹುಟ್ಟಿದ ಮನೆಯ ಬಿರುದಿನ ಮಾತು ಹೀಗಿದೆ: ‘ಮೊದಲನೆಯವನಾಗಲಾರೆ, ಎರಡನೆಯವನಾಗಲು ಒಲ್ಲೆ, ನಾನು ಮೂತೋಂ.’

ಇನ್ನು ನಮ್ಮ ಕಿರಿಮಗ. ನೆಥಾನಿಯಲ್‌ನ ಮರಿಮಗ ಫಿಲಿಪ್ ಹುಟ್ಟಿದ್ದು 1902ರ ಏಪ್ರಿಲ್ 13ರಂದು. ಅಣ್ಣ ಜೇಮ್ಸ್, ಅಕ್ಕ ನಾದೀನ್, ಮೂರನೆಯವರು ಇವರು. ತಂದೆ ಆಂರಿ ವೃತ್ತಿಯಿಂದ ವೈದ್ಯರು, ಗೀಳು ನಾಟಕದ್ದು. ಆಂದ್ರೆ ಪಾಸ್ಕಲ್ ಎಂಬ ಗುಪ್ತನಾಮದಲ್ಲಿ ನಾಟಕ ಬರೆಯುತ್ತಿದ್ದ ಅವರಿಗೆ ಪ್ಯಾರಿಸ್ಸಿನಿಂದ ದೂರದ ದ್ರಾಕ್ಷಿತೋಟದಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಪ್ಯಾರಿಸ್ಸಿನ ಮೇಲೆ ಗುಂಡು ಬೀಳತೊಡಗಿದಾಗ ಹುಡುಗ ಸುರಕ್ಷಿತವಾಗಿರಲಿ ಎಂದು ಫಿಲಿಪ್‌ರನ್ನು ಪೊಯಾಕ್‌ಗೆ ಕಳುಹಿಸಿದರು. ಹಿಪ್ಪೆ, ಪೀಪಾಯಿ, ಕೆಸರು, ನೆಲಮಾಳಿಗೆಯ ತಂಪು ಎಲ್ಲವೂ ಹುಡುಗನಿಗೆ ಹಿಡಿಸಿಬಿಟ್ಟವು. 1922ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಫಿಲಿಪ್ ತೋಟದ ಆಡಳಿತ ವಹಿಸಿಕೊಂಡರು. ಕಾರ್ ರೇಸಿನ ಹುಚ್ಚೂ ಇತ್ತು. 1929ರ ಮೊನಾಕೊ ಗ್ರ್ಯಾಂಡ್ ಪ್ರಿಯಲ್ಲಿ ಬುಗಾಟಿ ಓಡಿಸಿ ನಾಲ್ಕನೆಯ ಸ್ಥಾನ ಪಡೆದದ್ದು ಇವರೇ. ಆದರೆ ಅಲ್ಲಿ ಬರೆಸಿದ ಹೆಸರು ‘ಜಾರ್ಜ್ ಫಿಲಿಪ್’. ಅಪ್ಪ ನಾಟಕಕ್ಕೆ ಹೆಸರು ಮುಚ್ಚಿಟ್ಟರು, ಮಗ ರೇಸಿಗೆ. ಹೆಸರನ್ನು ಎಲ್ಲಿ ತೋರಿಸಬೇಕು, ಎಲ್ಲಿ ಅಡಗಿಸಬೇಕು ಎಂಬ ಎಚ್ಚರ ಆ ಮನೆಯ ರಕ್ತದಲ್ಲೇ ಇತ್ತು ಎನ್ನಬೇಕು.

ಆ ಎಚ್ಚರವೇ ವೈನ್ ವ್ಯಾಪಾರವನ್ನು ಬದಲಿಸಿತು. ಅಲ್ಲಿಯವರೆಗೆ ಬೋರ್ಡೋದ ತೋಟದ ಒಡೆಯರು ವೈನನ್ನು ಬಾಟಲಿಗೆ ತುಂಬುವ ಗೋಜಿಗೆ ಹೋಗುತ್ತಿದ್ದದ್ದು ಕಡಿಮೆ. ಸುಗ್ಗಿಯ ನಂತರ ಎಳೆಯ ವೈನನ್ನು ಪೀಪಾಯಿಗಳಲ್ಲೇ ವರ್ತಕರಿಗೆ ಮಾರುತ್ತಿದ್ದರು. ಬೋರ್ಡೋ ನಗರದ ನದೀದಂಡೆಯ ಮಂಡಿಗಳಲ್ಲಿ ವರ್ತಕರು ಅದನ್ನು ಹದಕ್ಕೆ ಬರಿಸಿ, ಬಾಟಲಿಗೆ ತುಂಬಿ, ಲೇಬಲ್ ಅಂಟಿಸುತ್ತಿದ್ದರು. ಮಂಡಿಯ ಕತ್ತಲಲ್ಲಿ ಯಾವ ಪೀಪಾಯಿಗೆ ಯಾವುದರ ಬೆರಕೆ ನಡೆಯಿತೆಂದು ತೋಟದವನಿಗೆ ತಿಳಿಯುವಂತಿರಲಿಲ್ಲ. ಹಾಲನ್ನು ಡೇರಿಗೆ ಹಾಕಿ ಬಂದ ರೈತನಿಗೆ ಪ್ಯಾಕೆಟ್ಟಿನ ಹೊಣೆ ಎಲ್ಲಿಯದು? 1924ರ ಬೆಳೆಯಿಂದ ಫಿಲಿಪ್ ಈ ಪದ್ಧತಿಗೆ ಬೆನ್ನು ತಿರುಗಿಸಿ, ಇಡೀ ಫಸಲನ್ನು ತೋಟದಲ್ಲೇ ಬಾಟಲಿಗೆ ತುಂಬಿಸಿದರು. ಜಾನ್ ಕಾರ್ಲು ಎಂಬ ಪೋಸ್ಟರ್ ಕಲಾವಿದನಿಂದ ಲೇಬಲ್ ಬರೆಸಿದರು. ನೆರೆಯ ದೊಡ್ಡ ತೋಟಗಳ ಒಡೆಯರನ್ನೂ ಒಪ್ಪಿಸಿದರು. ವೈನು ಎರಡು ಮೂರು ವರ್ಷ ಮನೆಯಲ್ಲೇ ಇರಬೇಕಾದ್ದರಿಂದ ಜಾಗ ಸಾಲದೆ, 1926ರಲ್ಲಿ ನೂರು ಮೀಟರ್ ಉದ್ದದ ಉಗ್ರಾಣವನ್ನು ಕಟ್ಟಿಸಿದರು. ಪೀಪಾಯಿಗಳ ಸಾಲು ನಾಟಕದ ರಂಗಸಜ್ಜಿನಂತೆ ಕಾಣುವ ಆ ಉಗ್ರಾಣವನ್ನು ವಿನ್ಯಾಸ ಮಾಡಿದ ಶಾರ್ಲ್ ಸಿಕ್ಲಿಸ್, ರಾಥ್‌ಶೈಲ್ಡರಿಗೆ ಪ್ಯಾರಿಸ್ಸಿನಲ್ಲಿ ರಂಗಮಂದಿರ ಕಟ್ಟಿಕೊಟ್ಟವನು.

ಈಗ ತೊಡಕು ನೋಡಿ. ವೈನನ್ನು ಪೀಪಾಯಿಯಲ್ಲಿ ಮಾರುವವನಿಗೆ ಕೆಟ್ಟ ವರ್ಷ ಬಂದರೆ ದುಡ್ಡು ಕಡಿಮೆ ಬರುತ್ತದೆ, ಅಷ್ಟೇ. ಹೆಸರಿಗೇನೂ ಆಗುವುದಿಲ್ಲ, ಮಾಲು ವರ್ತಕನ ಬೆರಕೆಯಲ್ಲಿ ಕರಗಿಹೋಗುತ್ತದೆ. ತನ್ನ ಹೆಸರು ಒತ್ತಿದ ಬಾಟಲಿಯಲ್ಲಿ ತಾನೇ ಮಾರುವವನಿಗೆ ಕೆಟ್ಟ ವರ್ಷವೆಂದರೆ ಮಾನದ ಪ್ರಶ್ನೆ. ಕೆಟ್ಟ ವರ್ಷಗಳೂ ಒಂದರ ಹಿಂದೊಂದು ಬಂದವು: 1930, 1931, 1932. ಮೂತೋಂನ ಮುಖ್ಯ ದ್ರಾಕ್ಷಿ ಕ್ಯಾಬರ್ನೆ ಸೊವಿನ್ಯೋಂ. ಚಿಕ್ಕ ಕಾಳು, ದಪ್ಪ ಸಿಪ್ಪೆ, ತಡವಾಗಿ ಹಣ್ಣಾಗುವ ತಳಿ. ಕೆಂಪು ವೈನಿಗೆ ಬಣ್ಣವೂ ಒಗರೂ ಬರುವುದು ಸಿಪ್ಪೆಯಿಂದ, ರಸದಿಂದಲ್ಲ. ಬಹುತೇಕ ಕಪ್ಪು ದ್ರಾಕ್ಷಿಯನ್ನು ಹಿಚುಕಿದರೆ ಒಳಗಿನ ರಸ ಬೆಳ್ಳಗೇ ಇರುತ್ತದೆ. ಬಿಸಿಲು ಸಾಲದೆ, ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಸಿಪ್ಪೆ ಪಕ್ವವಾಗದೆ ಒಗರು ಹಸಿಹಸಿಯಾಗಿ ಉಳಿಯುತ್ತದೆ, ಸಕ್ಕರೆ ಏರುವುದಿಲ್ಲ, ಹುಳಿ ಇಳಿಯುವುದಿಲ್ಲ. ಎಳೆ ನೇರಳೆಹಣ್ಣು ಕಚ್ಚಿದಾಗ ನಾಲಿಗೆ ಹಿಡಿಯುತ್ತದಲ್ಲ, ಆ ಬಗೆಯ ವೈನ್. ಸಾಲದ್ದಕ್ಕೆ 1929ರ ಷೇರುಪೇಟೆ ಕುಸಿತದಿಂದ ದುಬಾರಿ ವೈನು ಕೊಳ್ಳುವ ಕೈಗಳೂ ಖಾಲಿಯಾಗಿದ್ದವು.

ಸುರಿದುಬಿಡಲು ಮನಸ್ಸಿಲ್ಲ, ಮೂತೋಂ ಎಂದು ಮಾರಲು ಮುಖವಿಲ್ಲ. ಫಿಲಿಪ್ ಅದಕ್ಕೆ ಬೇರೆ ಹೆಸರು ಕೊಟ್ಟು ಕಡಿಮೆ ಬೆಲೆಗೆ ಬಿಟ್ಟರು: ಮೂತೋಂ ಕಾದೇ. ಮೂತೋಂ ಎಂಬ ಅಣ್ಣನಿಗೆ ತಮ್ಮ. ಜೊತೆಗೆ ಮನೆಯ ಕಿರಿಮಗ ತಾನು ಮಾಡಿದ್ದು ಎಂಬ ಗುಟ್ಟಿನ ರುಜು. ಎರಡನೆಯವನಾಗಲು ಒಲ್ಲೆ ಎಂದ ಮನೆಯಿಂದಲೇ ‘ನಾನು ಕಿರಿಯ’ ಎಂದು ಹೇಳಿಕೊಳ್ಳುವ ಬಾಟಲಿ ಹೊರಟದ್ದು ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾದ ಭಾಗ. ಸೋಲನ್ನು ಮುಚ್ಚಿಡಲಿಕ್ಕೆ ಇಟ್ಟ ಹೆಸರಿನಲ್ಲಿ ಸೋಲಿನ ಸುಳಿವನ್ನೂ ಇಟ್ಟಂತಾಯಿತು. ಅಂದಹಾಗೆ ‘ಮೂತೋಂ’ ಎಂದರೆ ಫ್ರೆಂಚಿನಲ್ಲಿ ಕುರಿ. ತೋಟದ ಹೆಸರು ಹಳೆಯ ಭಾಷೆಯ ‘ದಿಬ್ಬ’ ಎಂಬ ಪದದಿಂದ ಬಂದಿರಬಹುದೆಂದು ಹೇಳುವವರೂ ಇದ್ದಾರೆ. ಮೇಷ ರಾಶಿಯಲ್ಲಿ ಹುಟ್ಟಿದ ಫಿಲಿಪ್‌ಗೆ ದಿಬ್ಬಕ್ಕಿಂತ ಟಗರೇ ಪ್ರಿಯವಾಯಿತು, ಲಾಂಛನವೂ ಟಗರೇ ಆಯಿತು.

ಜನ ಈ ತಮ್ಮನನ್ನು ಮೆಚ್ಚಿಬಿಟ್ಟರು. ಅಲ್ಲಿಂದ ಇನ್ನೊಂದು ತೊಡಕು. ಒಳ್ಳೆಯ ವರ್ಷ ಬಂದಾಗ ಮೂತೋಂನ ದ್ರಾಕ್ಷಿ ಮೂತೋಂಗೇ ಬೇಕು. ತೋಟವಿರುವುದು ಸುಮಾರು 200 ಎಕರೆ, ಎಳೆದರೆ ಹಿಗ್ಗುವುದಿಲ್ಲ. ಬೇಡಿಕೆ ಪೂರೈಸಲು ಮೊದಲು ಪೊಯಾಕ್‌ನ ಸುತ್ತಮುತ್ತ, ಆಮೇಲೆ ಇಡೀ ಬೋರ್ಡೋ ಪ್ರದೇಶದ ಬೆಳೆಗಾರರಿಂದ ದ್ರಾಕ್ಷಿ ಮತ್ತು ವೈನು ಕೊಂಡು ಬೆರೆಸತೊಡಗಿದರು. 1933ರಲ್ಲಿ ಪಕ್ಕದ ತೋಟ ಕೊಂಡಾಗ ಜೊತೆಗೆ ಬಂದ ಸಣ್ಣ ವೈನ್ ವ್ಯಾಪಾರದ ಕಂಪನಿ ಈ ಕೆಲಸಕ್ಕೆ ನೆರವಾಯಿತು. ವರ್ತಕರ ಕೈಯಿಂದ ತನ್ನ ವೈನನ್ನು ಬಿಡಿಸಿಕೊಂಡ ಮನುಷ್ಯ ತಾನೇ ವರ್ತಕನಾದದ್ದು ಹೀಗೆ. ಈಗಿನ ಮೂತೋಂ ಕಾದೇಯಲ್ಲಿ ಬಹುಪಾಲು ಮೆರ್ಲೋ ದ್ರಾಕ್ಷಿ. ಅದು ಬೇಗ ಹಣ್ಣಾಗುತ್ತದೆ, ಒಗರು ಕಡಿಮೆ, ಎಳೆಯದಾಗಿದ್ದಾಗಲೇ ಕುಡಿಯಲು ಮೆದು. ಅಣ್ಣನದು ಕ್ಯಾಬರ್ನೆಯ ಬಿಗಿ ಮೈ, ತಮ್ಮನದು ಮೆರ್ಲೋದ ಸಡಿಲ ಮೈ. ವರ್ಷಕ್ಕೆ ಕೋಟಿ ಬಾಟಲಿಗಳ ಲೆಕ್ಕದಲ್ಲಿ ಮಾರಾಟವಾಗುವ ವೈನಿಗೆ ಅದೇ ಸರಿ.

ಬೆರಕೆ ಎಂದ ಕೂಡಲೇ ಮೂಗು ಮುರಿಯಬೇಕಾಗಿಲ್ಲ. ಕಾಫಿಪುಡಿ ಅಂಗಡಿಯವರನ್ನು ನೋಡಿ. ಒಂದು ವರ್ಷ ಚಿಕ್ಕಮಗಳೂರಿನ ಅರೇಬಿಕಾ ಹೇಗೋ, ಇನ್ನೊಂದು ವರ್ಷ ಕೊಡಗಿನ ರೋಬಸ್ಟಾ ಹೇಗೋ, ಗಿರಾಕಿಯ ಲೋಟದಲ್ಲಿ ಮಾತ್ರ ನಿನ್ನೆಯ ರುಚಿಯೇ ಇರಬೇಕು. ಪಾಲು ಹೆಚ್ಚುಕಡಿಮೆ ಮಾಡಿ ಅದನ್ನು ಸಾಧಿಸುತ್ತಾರೆ. ಅದು ಕಲಬೆರಕೆಯಲ್ಲ, ಕಸುಬು. ಒಂದೇ ತೋಟದ ಕಾಫಿಯಲ್ಲಿ ಆ ವರ್ಷದ ಮಳೆಯ ಗುಣ ಕಾಣುತ್ತದೆ, ಅಂಗಡಿಯ ಮಿಶ್ರಣದಲ್ಲಿ ಅಂಗಡಿಯವನ ಕೈಗುಣ. ಎರಡು ವೈನುಗಳ ನಡುವಿನ ವ್ಯತ್ಯಾಸವೂ ಅದೇ. ಶಾತೋ ಮೂತೋಂ ಒಂದು ನೆಲದ ಹೆಸರು, ಮೂತೋಂ ಕಾದೇ ಒಂದು ಬ್ರ್ಯಾಂಡು.

ಇದನ್ನು ಲೇಬಲ್ಲೇ ಒಪ್ಪಿಕೊಳ್ಳುತ್ತದೆ, ಓದುವವರು ಬೇಕು. ದೊಡ್ಡ ಅಕ್ಷರದ ಹೆಸರಿನ ಕೆಳಗೆ ಸಣ್ಣದಾಗಿ ಒಂದು ಸಾಲಿರುತ್ತದೆ. ಶಾತೋ ಮೂತೋಂ ಬಾಟಲಿಯಲ್ಲಿ ಅದು ‘ಪೊಯಾಕ್’, ಕಾದೇಯಲ್ಲಿ ‘ಬೋರ್ಡೋ’. ಫ್ರಾನ್ಸಿನಲ್ಲಿ 1935ರಿಂದ ಜಾರಿಯಲ್ಲಿರುವ ಮೂಲಸ್ಥಾನದ ಕಾನೂನು ಇದು. ನಂಜನಗೂಡು ರಸಬಾಳೆಗೂ ಮೈಸೂರು ಮಲ್ಲಿಗೆಗೂ ಇರುವ ಜಿಐ ಮಾನ್ಯತೆಗೆ ಹಿರಿಯಣ್ಣ ಎನ್ನಬಹುದು. ಜಾಗದ ಹೆಸರು ಸಣ್ಣದಾದಷ್ಟೂ ನಿಯಮ ಬಿಗಿ, ದ್ರಾಕ್ಷಿ ಕಡಿಮೆ, ಬೆಲೆ ಹೆಚ್ಚು. ಪೊಯಾಕ್ ಎಂದರೆ ಜಿರೋಂದ್ ನದೀಮುಖದ ಪಕ್ಕದ ಜಲ್ಲಿಕಲ್ಲಿನ ನೆಲದ ಒಂದೇ ಊರು. ಬೋರ್ಡೋ ಎಂದರೆ ಲಕ್ಷ ಹೆಕ್ಟೇರಿನ ಆಸುಪಾಸಿಗೆ ಹಬ್ಬಿದ ಇಡೀ ಸೀಮೆ. ಇನ್ನೂ ಒಂದು ಗುರುತು: ಶಾತೋದಲ್ಲೇ ತುಂಬಿದ ಬಾಟಲಿಯ ಮೇಲೆ ‘ಮಿಸ್ ಆಂ ಬುತೇಯ್ ಓ ಶಾತೋ’ ಎಂದಿರುತ್ತದೆ. 1924ರ ಹಟ ಆ ಒಂದು ಸಾಲಿನಲ್ಲಿದೆ. ಕಾದೇಯ ಮೇಲೆ ಆ ಸಾಲನ್ನು ಹುಡುಕಬೇಡಿ. ಮೂತೋಂ ತೋಟದ್ದೇ ದ್ರಾಕ್ಷಿಯ, ಕೊಂಚ ಕಡಿಮೆ ಬೆಲೆಯ ನಿಜವಾದ ‘ಎರಡನೆಯ ವೈನ್’ 1990ರ ದಶಕದಲ್ಲಿ ಬಂತು. ಅದರ ಹೆಸರು ಲ ಪತಿ ಮೂತೋಂ, ಅಂದರೆ ಪುಟ್ಟ ಮೂತೋಂ. ಅದೂ ನಮ್ಮ ನಿಮ್ಮ ಕೈಗೆ ಎಟುಕುವ ಬೆಲೆಯದಲ್ಲ.

ಹೆಸರು ಲಾಭ ತರುವಂತೆ ಆಪತ್ತನ್ನೂ ತರುತ್ತದೆ. 1940ರಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾದ ಮೇಲೆ, ಜರ್ಮನರಿಗೆ ತಲೆಬಾಗಿದ್ದ ಫ್ರಾನ್ಸಿನ ವಿಷಿ ಸರ್ಕಾರ ಫಿಲಿಪ್‌ರ ಪೌರತ್ವವನ್ನು ರದ್ದು ಮಾಡಿ ತೋಟವನ್ನು ವಶಪಡಿಸಿಕೊಂಡಿತು. ಅವರು ತಪ್ಪಿಸಿಕೊಂಡು ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಜರ್ಮನರ ವಿರುದ್ಧ ಹೋರಾಡುತ್ತಿದ್ದ ದ ಗಾಲ್ ಪಡೆ ಸೇರಿದರು. ಪತ್ನಿ ಎಲಿಜಬೆತ್ ಹುಟ್ಟಿನಿಂದ ಕ್ಯಾಥೊಲಿಕ್ ಮನೆಯವರು, ರಾಥ್‌ಶೈಲ್ಡ್ ಎಂಬುದು ಮದುವೆಯಿಂದ ಬಂದ ಹೆಸರು. 1944ರಲ್ಲಿ ಗೆಸ್ಟಾಪೊ ಅವರನ್ನು ಬಂಧಿಸಿತು. 1945ರಲ್ಲಿ ನಾಜಿಗಳ ರಾವೆನ್ಸ್‌ಬ್ರೂಕ್ ಸೆರೆಶಿಬಿರದಲ್ಲಿ ಅವರು ತೀರಿಕೊಂಡರು. ಮಗಳು ಫಿಲಿಪೀನ್ ಉಳಿದರು. ಆ ವರ್ಷದ ಮೂತೋಂ ಬಾಟಲಿಯ ಲೇಬಲ್ಲಿನ ಮೇಲೆ ವಿಜಯದ ‘ವಿ’ ಅಕ್ಷರವಿದೆ. ಅಲ್ಲಿಂದಾಚೆ ಪ್ರತಿ ವರ್ಷದ ಲೇಬಲ್ಲಿಗೂ ಒಬ್ಬ ಕಲಾವಿದರಿಂದ ಚಿತ್ರ ಬರೆಸುವುದು ರೂಢಿಯಾಯಿತು. ಡಾಲಿ, ಮಿರೊ, ಶಗಾಲ್, ವಾರ್ಹಾಲ್ ಎಲ್ಲರೂ ಆ ಸಾಲಿನಲ್ಲಿದ್ದಾರೆ. 2009ರ ಲೇಬಲ್ ಮುಂಬಯಿಯಲ್ಲಿ ಹುಟ್ಟಿದ ಅನೀಶ್ ಕಪೂರ್ ಅವರದು.

ಎರಡನೆಯ ದರ್ಜೆಯ ಮುಳ್ಳನ್ನು ಕೀಳಲು ಫಿಲಿಪ್ ದಶಕಗಳ ಕಾಲ ಹೋರಾಡಿದರು. 1973ರ ಜೂನ್‌ನಲ್ಲಿ ಕೃಷಿ ಸಚಿವರಾಗಿದ್ದ ಜಾಕ್ ಶಿರಾಕ್ ಸಹಿ ಹಾಕಿದ ಮೇಲೆ ಮೂತೋಂ ಮೊದಲ ದರ್ಜೆಗೆ ಏರಿತು. 1855ರ ಪಟ್ಟಿಯಲ್ಲಿ ಹೀಗೆ ಮೊದಲ ದರ್ಜೆಗೆ ಬಡ್ತಿ ಪಡೆದದ್ದು ಅದೊಂದೇ. ಬಿರುದಿನ ಮಾತನ್ನು ಅವರು ತಿದ್ದಿಸಿದರು: ‘ಮೊದಲನೆಯವನಾಗಿದ್ದೇನೆ, ಎರಡನೆಯವನಾಗಿದ್ದೆ, ಮೂತೋಂ ಬದಲಾಗುವುದಿಲ್ಲ.’ ಆ ಏರುವ ಹೋರಾಟದ ಉದ್ದಕ್ಕೂ ಕೋಟಿಗಟ್ಟಲೆ ಅಗ್ಗದ ಬಾಟಲಿಗಳ ವ್ಯಾಪಾರ ಬೆನ್ನಿಗಿತ್ತೆಂಬುದನ್ನು ಮರೆಯಬಾರದು. ಅಣ್ಣನ ಹೆಸರಿನಿಂದ ತಮ್ಮ ಮಾರಾಟವಾದ, ತಮ್ಮನ ದುಡಿಮೆ ಮನೆಯ ಖಜಾನೆ ಸೇರಿತು. ಫಿಲಿಪ್ 1988ರಲ್ಲಿ ತೀರಿಕೊಂಡ ಮೇಲೆ ಫಿಲಿಪೀನ್, 2014ರಲ್ಲಿ ಅವರೂ ಹೋದ ಮೇಲೆ ಅವರ ಮೂವರು ಮಕ್ಕಳು ಮನೆತನದ ವ್ಯವಹಾರ ನೋಡಿಕೊಳ್ಳುತ್ತಿದ್ದಾರೆ.

ವೈನ್ ಪಂಡಿತರಲ್ಲಿ ಹಲವರು ಕಾದೇಯ ಹೆಸರೆತ್ತಿದರೆ ತುಟಿ ಓರೆ ಮಾಡುತ್ತಾರೆ. ನನಗೆ ಅದು ಸ್ವಲ್ಪ ಅತಿ ಎನ್ನಿಸುತ್ತದೆ. ಊಟದ ಜೊತೆ ಕುಡಿಯುವ ಸಾದಾ, ಶುದ್ಧ ವೈನ್ ಅದು. ಹೆಸರಿನ ಭಾರ ಮೈಗಿಂತ ಜಾಸ್ತಿ ಎಂಬುದನ್ನು ಮಾತ್ರ ಒಪ್ಪಬೇಕು. ಅದೇ ಬೆಲೆಗೆ ಬೋರ್ಡೋದ ಸಣ್ಣ ತೋಟಗಳಲ್ಲಿ ಹೆಸರಿಲ್ಲದ ಒಳ್ಳೆಯ ವೈನ್ ಸಿಗುತ್ತದೆ. ಆದರೆ ಯಾವುದು ಒಳ್ಳೆಯದೆಂದು ಹುಡುಕುವ ವ್ಯವಧಾನ ಬೇಕು. ಹುಡುಕುವ ಶ್ರಮ ಉಳಿಸುವುದಕ್ಕೇ ನಾವು ಹೆಸರಿಗೆ ದುಡ್ಡು ಕೊಡುವುದು.

ಬೆಂಗಳೂರಿನಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಭಾರತ ಹೊರಗಿನ ವೈನಿಗೆ ವರ್ಷಗಟ್ಟಲೆ 150 ಪ್ರತಿಶತ ಸುಂಕ ಹಾಕುತ್ತ ಬಂದಿತು. 2021ರ ಬಜೆಟ್ಟಿನಲ್ಲಿ ಅದನ್ನು 50 ಸುಂಕ, 100 ಸೆಸ್ ಎಂದು ಒಡೆದು ತೋರಿಸಿದಾಗಲೂ ಮೊತ್ತ ಅಷ್ಟೇ ಆಗಿತ್ತು. ರಾಜ್ಯದ ಅಬಕಾರಿ ಬೇರೆ. ಹತ್ತು ಯೂರೋದ ಕಿರಿಮಗ ಇಲ್ಲಿಗೆ ಬರುವಷ್ಟರಲ್ಲಿ ಹಿರಿಮಗನ ಗತ್ತು ತೋರಿಸುತ್ತಾನೆ. ಆ ದುಡ್ಡಿಗೆ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ತೋಟದ ಕ್ಯಾಬರ್ನೆ-ಶಿರಾಜ್ ಬಾಟಲಿಯತ್ತ ಕೈ ಚಾಚುವುದು ಜಾಣತನ. ಬೋರ್ಡೋದ ಪೊಮೆರೋಲ್‌ನ ಮಿಷೆಲ್ ರೋಲಾಂ ಅದಕ್ಕೆ ಸಲಹೆಗಾರರಾಗಿದ್ದವರು, ಹಾಗಾಗಿ ಆ ಸೀಮೆಯ ಕೈಗುಣ ಅಲ್ಲೂ ಒಂದಿಷ್ಟು ಇದೆ. ಮನೆಯ ಹೆಸರೇ ಬೇಕೆಂದರೆ ನಾಸಿಕದ ಸುಲಾ ಇದೆ. ಅದು ಸ್ಥಾಪಕ ರಾಜೀವ್ ಸಾಮಂತ್ ಅವರ ತಾಯಿ ಸುಲಭಾ ಅವರ ಹೆಸರಿನದು.

ಯಾವುದನ್ನೇ ತಂದರೂ ಒಂದು ಮಾತು. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕು ಎಂದು ಬರೆದವರ ಕೋಣೆ ಯುರೋಪಿನ ಕಲ್ಲುಗೋಡೆಯದು, 16ರಿಂದ 18 ಡಿಗ್ರಿಯದು. ಏಪ್ರಿಲ್ ತಿಂಗಳ ನಮ್ಮ ಅಡುಗೆಮನೆಯಲ್ಲಿಟ್ಟ ಬಾಟಲಿಯಿಂದ ನೇರ ಬಗ್ಗಿಸಿದರೆ ಮೂಗಿಗೆ ಮೊದಲು ಹೊಡೆಯುವುದು ಸಾರಾಯಿಯ ಝಳ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಉಳಿದದ್ದಕ್ಕೆ ಬಿರಡೆ ಹಾಕಿ ಮತ್ತೆ ಅಲ್ಲೇ ಇಟ್ಟರೆ ಎರಡು ಮೂರು ದಿನ ತಡೆಯುತ್ತದೆ. ಆಮೇಲೆ ಅದು ವಿನೆಗರ್ ಆಗುವ ಹಾದಿ ಹಿಡಿಯುತ್ತದೆ, ರಾಥ್‌ಶೈಲ್ಡರದಾದರೂ ಅಷ್ಟೇ.